ವರ್ಡ್‌ಪ್ರೆಸ್ ತಾಣ ಬಿಳಿ ಪುಟವಾದಾಗ ಮೊದಲು ಮಾಡಬೇಕಾದದ್ದು

ಪ್ಲಗಿನ್ (ತಾಣಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿದ ಕೂಡಲೇ ವರ್ಡ್‌ಪ್ರೆಸ್ ತಾಣ ಬರೀ ಬಿಳಿ ಪುಟವಾಗಿ ನಿಂತರೆ, ದಯವಿಟ್ಟು ಗಾಬರಿಯಿಂದ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಸಾಮಾನ್ಯವಾಗಿ ನಿಮ್ಮ ಬರಹಗಳು ಡೇಟಾಬೇಸ್‌ನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ. 2019ರಲ್ಲಿ ಬಂದ 5.2 ಆವೃತ್ತಿಯಿಂದ ಈಚೆಗೆ ಇಂತಹ ದೋಷ ಪತ್ತೆಯಾದಾಗ ನಿರ್ವಾಹಕರ ಇಮೇಲ್‌ಗೆ ರಿಕವರಿ ಮೋಡ್‌ನ (ದೋಷವಿರುವ ಭಾಗವನ್ನು ತಡೆಹಿಡಿದು ನಿರ್ವಹಣೆಯ ಪುಟ ತೆರೆಯುವ ವ್ಯವಸ್ಥೆ) ಕೊಂಡಿ ಬರುತ್ತದೆಯಾದ್ದರಿಂದ, ಮೊದಲು ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಎರಡನ್ನೂ ನೋಡಿ.

ಅದು ಬಂದಿಲ್ಲದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಡಬ್ಲ್ಯೂಪಿ-ಕಂಟೆಂಟ್ (wp-content) ಫೋಲ್ಡರಿನ ಒಳಗಿನ ಪ್ಲಗಿನ್ಸ್ (plugins) ಫೋಲ್ಡರಿನ ಹೆಸರನ್ನು ಬದಲಿಸಿ. ತಾಣ ತೆರೆದುಕೊಂಡರೆ ತೊಂದರೆ ಯಾವುದೋ ಪ್ಲಗಿನ್‌ನದೇ ಎಂದರ್ಥ. ಡ್ಯಾಶ್‌ಬೋರ್ಡಿನ (ತಾಣವನ್ನು ನಿರ್ವಹಿಸುವ ಪುಟ) ಪ್ಲಗಿನ್ ಪುಟವನ್ನು ಒಮ್ಮೆ ತೆರೆದರೆ ಅವೆಲ್ಲವೂ ನಿಷ್ಕ್ರಿಯವಾಗುತ್ತವೆ. ಬಳಿಕ ಫೋಲ್ಡರಿಗೆ ಹಳೆಯ ಹೆಸರನ್ನೇ ಕೊಟ್ಟು, ಒಂದೊಂದನ್ನೇ ಚಾಲೂ ಮಾಡುತ್ತಾ ಪ್ರತಿ ಸಲವೂ ಪುಟವನ್ನು ರಿಫ್ರೆಶ್ ಮಾಡಿ. ನಿಧಾನದ ಕೆಲಸ, ಆದರೆ ಇದರಷ್ಟು ನಂಬಿಕೆಯ ದಾರಿ ನನಗೆ ಬೇರೆ ಕಂಡಿಲ್ಲ.

ಇನ್ನು ತಾಣದ ನೋಟದ ವಿಷಯ. ಆ ನೋಟವನ್ನು ನಿರ್ಧರಿಸುವ ಥೀಮಿನ ಮೂಲ ಫೈಲುಗಳನ್ನು ನೇರವಾಗಿ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಹಾಗಾಗಿ ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ನಿಮ್ಮ ಬದಲಾವಣೆಗಳನ್ನಷ್ಟೇ ಇಡುವ ಉಪ-ಥೀಮ್) ಮಾಡಿಕೊಳ್ಳಿ. ಸಣ್ಣ ಬದಲಾವಣೆಗಳಿಗೆ ಹೆಚ್ಚುವರಿ ಸಿಎಸ್‌ಎಸ್ (ಪುಟದ ನೋಟವನ್ನು ತಿಳಿಸುವ ಕೋಡ್) ಬರೆಯುವ ಜಾಗವೇ ಸಾಕು.

ಕನ್ನಡ ತಾಣ ನಡೆಸುವವರು ಅಲ್ಲಿ ಇನ್ನೊಂದನ್ನೂ ಖಂಡಿತ ಸರಿಪಡಿಸಬೇಕು. ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಥೀಮುಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್ (ಸಾಲಿನ ಎತ್ತರ) 1.2ರ ಆಸುಪಾಸಿನಲ್ಲಿದ್ದರೆ, 'ರಾಷ್ಟ್ರೀಯ' ಎಂಬಂತಹ ಪದದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತವೆ. ಅದನ್ನು 1.6ಕ್ಕೆ ಏರಿಸಿ, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಅನ್ನು ಸೊನ್ನೆಗೆ ಇಳಿಸಿ, ಕ್ಯಾಶ್ (ಉಳಿಸಿಟ್ಟ ಹಳೆಯ ಪುಟದ ಪ್ರತಿ) ಅಳಿಸಿ ಮೊಬೈಲಿನಲ್ಲಿಯೂ ಒಮ್ಮೆ ಪರೀಕ್ಷಿಸಿ.