ಅಂಗಾತ ಈಜು: ತಲೆಯಿಂದ ಕೈಯವರೆಗೆ

ನಲವತ್ತು ದಾಟಿದ ಮೇಲೆ ಈಜು ಕಲಿಯಲು ಬರುವವರಿಗೂ ಸಾಮಾನ್ಯವಾಗಿ ಮೊದಲ ಪಾಠ ಫ್ರೀಸ್ಟೈಲ್‌ನದೇ (ಬೋರಲಾಗಿ ಈಜುವುದರದ್ದೇ) ಆಗಿರುತ್ತದೆ. ಧಾರವಾಡದಲ್ಲಿ ನಾನು ಕಲಿಯಲು ಸೇರಿದಾಗ, ಮೊದಲು ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಈಜು, ಕಲಿಸಬೇಕೆಂದು ಕೋಚ್ ಅವರನ್ನು ಕೇಳಿಕೊಂಡೆ. ಮುಖ ನೀರಿನ ಮೇಲೆಯೇ ಇರುವುದರಿಂದ ಉಸಿರಿಗಾಗಿ ಕತ್ತು ತಿರುಗಿಸುವ ತೊಡಕು ಇದರಲ್ಲಿಲ್ಲ ಎಂಬುದೇ ನನ್ನ ಆಯ್ಕೆಗೆ ಮುಖ್ಯ ಕಾರಣ. ಅವರು ಒಪ್ಪಿದರು. ಆದರೆ ತಲೆ ಮತ್ತು ಸೊಂಟ ಹದಕ್ಕೆ ಬರುವವರೆಗೆ ಕೈ ಬೀಸಲು ಬಿಡುವುದಿಲ್ಲವೆಂದು ಷರತ್ತು ಹಾಕಿದರು. ಈ ಷರತ್ತೇ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು.

ಬೆನ್ನ ಮೇಲೆ ಮಲಗಿದ ದೇಹ ನೀರಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ. ದೇಹದ ತೂಕದ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಕಡೆಗಿರುವುದರಿಂದ ಕಾಲುಗಳು ಮುಳುಗಲು ನೋಡುತ್ತವೆ. ಹೆದರಿದವನು ಕಾಲು ಎಲ್ಲಿದೆಯೆಂದು ನೋಡಲು ತಲೆ ಎತ್ತುತ್ತಾನೆ. ತಲೆ ಎತ್ತಿದ ಕೂಡಲೇ ಸೊಂಟ ಇನ್ನಷ್ಟು ಇಳಿಯುತ್ತದೆ, ಮೊಣಕಾಲು ಮಡಚುತ್ತದೆ, ಮುಂದೆ ಹೋಗುವುದು ನಿಂತೇಹೋಗುತ್ತದೆ. ನಮ್ಮ ಕೋಚ್ ದಂಡೆಯ ಮೇಲೆ ನಿಂತು ದಿನವೂ ಕೂಗುತ್ತಿದ್ದದ್ದು ಒಂದೇ ಮಾತು: “ತಲಿ ಹಿಂದ ಬಿಡ್ರಿ ಸರ, ಕಿವಿ ನೀರಾಗ ಮುಳಗ್ಲಿ. ಹೊಟ್ಟಿ ಮ್ಯಾಲ ಬರ್ಲಿ. ಕುರ್ಚಿ ಮ್ಯಾಲ ಕುಂತಂಗ ಕುಂಡ್ರಬ್ಯಾಡ್ರಿ.” ಕಿವಿ ಮುಳುಗಿದ ಮೇಲೆ ಅವರ ಕೂಗು ನಮಗೆ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ತಲೆಯನ್ನು ಅಲುಗಿಸದಿರಲು ಅವರು ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟ ಇಟ್ಟು ಕಿಕ್ ಹೊಡೆಸಿದರು. ಎರಡೂ ಕೈ ತೊಡೆಯ ಪಕ್ಕದಲ್ಲಿ, ಗದ್ದ ಎದೆಗೆ ಅಂಟದೆ, ಆಕಾಶಕ್ಕೂ ಚಾಚದೆ, ನೋಟ ನೇರ ಮೇಲಕ್ಕೆ. ಕತ್ತನ್ನು ಬಿಗಿಹಿಡಿದಷ್ಟೂ ಲೋಟ ಬೇಗ ಉರುಳುತ್ತದೆ. ತಲೆಯ ಭಾರವನ್ನು ಪೂರ್ತಿ ನೀರಿಗೆ ಒಪ್ಪಿಸಿದಾಗ ಮಾತ್ರ ಅದು ನಿಲ್ಲುತ್ತದೆ. ಟೋಕಿಯೊ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಸ್ಪರ್ಧಿಸಿದ ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ಈಜನ್ನು ಆ ದಿನಗಳಲ್ಲಿ ಫೋನಿನಲ್ಲಿ ನಿಧಾನಗೊಳಿಸಿ ನೋಡುತ್ತಿದ್ದೆ. ಎರಡೂ ಭುಜಗಳು ಒಂದಾದ ಮೇಲೊಂದು ಏಳುತ್ತಿದ್ದರೂ ನಡುವಿನ ತಲೆ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತದೆ.

ನಮ್ಮ ಭಾಗದ ಹಳ್ಳಿಗಳಲ್ಲಿ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ತೇಲುವ ಈ ಪಾಠ ಬೇಕಾಗುವುದಿಲ್ಲ. ನನ್ನ ಜೊತೆ ಕಲಿಯಲು ಬರುತ್ತಿದ್ದ ನವಲಗುಂದ ಕಡೆಯ ಒಬ್ಬ ಹಿರಿಯರು ಮಾತನಾಡುತ್ತಲೇ ಅಂಗಾತ ತೇಲುತ್ತಿದ್ದರು. ಅವರಿಗೆ ಕಷ್ಟವಾದದ್ದು ಕಿಕ್. ಬ್ಯಾಕ್‌ಸ್ಟ್ರೋಕ್‌ನ ಕಿಕ್ ಸೊಂಟದಿಂದ ಹೊರಡಬೇಕು. ಮೊಣಕಾಲು ಸ್ವಲ್ಪ ಸಡಿಲವಾಗಿರಬೇಕೇ ಹೊರತು ಸೈಕಲ್ ತುಳಿಯುವಂತೆ ಮೇಲೆದ್ದು ನೀರಿನಿಂದ ಹೊರಗೆ ಕಾಣಿಸಬಾರದು. ಪಾದ ಹಿಂದಕ್ಕೆ ಚಾಚಿ, ಹಿಮ್ಮಡಿಯ ಕೀಲು ಸಡಿಲವಾಗಿದ್ದರೆ ಮೇಲ್ಮುಖದ ಒದೆತದಲ್ಲಿಯೇ ಹೆಚ್ಚಿನ ನೂಕುಬಲ ಸಿಗುತ್ತದೆ. ಮೊಣಕಾಲು ಏಳುತ್ತಿದೆಯೇ ಎಂದು ಪರೀಕ್ಷಿಸಲು ಕಿಕ್‌ಬೋರ್ಡನ್ನು (ಕೈಯಲ್ಲಿ ಹಿಡಿಯುವ ತೇಲುಹಲಗೆಯನ್ನು) ತೊಡೆಯ ಮೇಲೆ ಉದ್ದಕ್ಕೆ ಹಿಡಿದು ಈಜಬೇಕು: ಮೊಣಕಾಲು ಬೋರ್ಡಿಗೆ ತಾಗಿದರೆ ತಪ್ಪು ತಾನಾಗಿ ತಿಳಿಯುತ್ತದೆ, ಯಾರೂ ಹೇಳಬೇಕಾಗಿಲ್ಲ.

ಮೂಗಿಗೆ ನೀರು ನುಗ್ಗುವುದು ಆರಂಭದಲ್ಲಿ ಬಹಳ ಜನರನ್ನು ಹಿಂಜರಿಯುವಂತೆ ಮಾಡುತ್ತದೆ. ಮುಖ ಮೇಲಿದ್ದರೂ ಕೈ ಹಾದುಹೋಗುವಾಗ ಹನಿಗಳು ಬೀಳುತ್ತವೆ, ಪಕ್ಕದ ಲೇನಿನ ಮಕ್ಕಳು ಎಬ್ಬಿಸುವ ಅಲೆ ಬೇರೆ. ಒಂದು ಕೈ ಮೇಲೇಳುವಾಗ ಬಾಯಿಂದ ಉಸಿರು ತೆಗೆದುಕೊಂಡು, ಇನ್ನೊಂದು ಕೈ ಮೇಲೇಳುವಾಗ ಮೂಗಿನಿಂದ ‘ಹ್ಮ್’ ಎಂದು ಸಣ್ಣಗೆ ಸದ್ದು ಮಾಡುತ್ತಾ ಬಿಡುವುದನ್ನು ರೂಢಿಸಿಕೊಂಡ ಮೇಲೆ ನನಗೆ ಆ ತೊಂದರೆ ಉಳಿಯಲಿಲ್ಲ. ಮೂಗಿಗೆ ಕ್ಲಿಪ್ ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಉಸಿರಿನ ಲಯ ಕೈಗಳ ಲಯಕ್ಕೆ ಹೊಂದುವುದು ಅದರಿಂದ ತಡವಾಗುತ್ತದೆ.

ಇಷ್ಟಾದ ಮೇಲೆ ಕೈ. ನೀರಿನಿಂದ ಹೊರಬರುವಾಗ ಹೆಬ್ಬೆರಳು ಮೊದಲು, ತಲೆಯ ಹಿಂದೆ ನೀರಿಗೆ ಇಳಿಯುವಾಗ ಕಿರುಬೆರಳು ಮೊದಲು. ಮೇಲಿನ ಹಾದಿಯಲ್ಲಿ ಕೈ ನೇರವಾಗಿದ್ದು, ಭುಜದ ಮಟ್ಟಕ್ಕೆ ಬಂದಾಗ ಅಂಗೈ ಹೊರಕ್ಕೆ ತಿರುಗುತ್ತದೆ. ಇದನ್ನು ನಾನು ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು ಅಭ್ಯಾಸ ಮಾಡಿದೆ. ಆದರೆ ಎರಡು ವಿಷಯಗಳು ನೀರಿನಲ್ಲಿ ಮಾತ್ರ ತಿಳಿಯುತ್ತವೆ. ಮೊದಲನೆಯದು, ಕೈ ಬೀಳುವ ಜಾಗ. ತಲೆಯ ದಿಕ್ಕನ್ನು ಗಡಿಯಾರದ ಹನ್ನೆರಡು ಎಂದುಕೊಂಡರೆ ಕೈಗಳು ಹನ್ನೊಂದು ಮತ್ತು ಒಂದರ ಜಾಗದಲ್ಲಿ ಇಳಿಯಬೇಕು. ಆದರೆ ಕಣ್ಣಿಗೆ ಕಾಣದ ಆ ಜಾಗದ ಬಗ್ಗೆ ನಮ್ಮ ಅಂದಾಜು ನಂಬಲರ್ಹವಲ್ಲ, ಏಕೆಂದರೆ ಸರಿಯಾಗಿ ಇಟ್ಟೆವೆಂದುಕೊಂಡ ಕೈ ತಲೆಯ ಹಿಂದೆ ಅಡ್ಡ ಹಾಯ್ದಿರುತ್ತದೆ. “ಹತ್ತಕ್ಕ, ಎರಡಕ್ಕ ಹಾಕ್ರಿ” ಎಂದು ಕೋಚ್ ಹೇಳಿದ್ದರ ಗುಟ್ಟು ಇದು: ಅಷ್ಟು ಅಗಲವಾಗಿ ಹಾಕಲು ಯತ್ನಿಸಿದರೆ ಕೈ ಹನ್ನೊಂದು, ಒಂದರ ಹತ್ತಿರ ಬೀಳುತ್ತದೆ.

ಎರಡನೆಯದು ದೇಹದ ಹೊರಳುವಿಕೆ. ಬೆನ್ನನ್ನು ಹಲಗೆಯಂತೆ ಚಪ್ಪಟೆಯಾಗಿಟ್ಟು ಕೈ ಎಳೆದರೆ ಭುಜದ ಕೀಲಿನ ಮೇಲೆ ಭಾರ ಬೀಳುತ್ತದೆ, ಕೈಗೆ ನೀರಿನ ಹಿಡಿತವೂ ಸಿಗುವುದಿಲ್ಲ. ಕೈ ನೀರಿಗೆ ಇಳಿಯುವ ಹೊತ್ತಿಗೆ ಅದೇ ಪಕ್ಕದ ಭುಜ ಮತ್ತು ಸೊಂಟ ಕೂಡಿಯೇ ಕೆಳಕ್ಕೆ ಹೊರಳಬೇಕು. ಆಗ ಇನ್ನೊಂದು ಭುಜ ನೀರಿನಿಂದ ಮೇಲೇಳುತ್ತದೆ. ನೀರೊಳಗೆ ಮೊಣಕೈ ಸುಮಾರು 90 ಡಿಗ್ರಿಯಷ್ಟು ಮಡಚಿ, ಅಂಗೈ ಮತ್ತು ಮುಂಗೈ ಸೇರಿ ನೀರನ್ನು ಪಾದಗಳ ಕಡೆಗೆ ತಳ್ಳಿ, ತೊಡೆಯ ಪಕ್ಕದಲ್ಲಿ ಮುಗಿಸಬೇಕು. ಇದಕ್ಕಾಗಿ ಒಂದು ಕೈ ತಲೆಯ ಹಿಂದಕ್ಕೆ ಚಾಚಿ, ಇನ್ನೊಂದನ್ನು ತೊಡೆಗೆ ಇಟ್ಟು, ಆರು ಕಿಕ್ ಹೊಡೆದ ನಂತರ ಪಕ್ಕ ಬದಲಾಯಿಸುವ ಅಭ್ಯಾಸವನ್ನು ಬಹಳ ದಿನ ಮಾಡಿಸಿದರು. ಬೇಸರ ತರುವ ಅಭ್ಯಾಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊರಳುವಿಕೆ ಕೂಡಿಬಂದದ್ದು ಇದರಿಂದಲೇ.

ಬಯಲು ಕೊಳದಲ್ಲಿ ನೇರವಾಗಿ ಹೋಗುವುದೂ ಒಂದು ಸಮಸ್ಯೆ. ಮೇಲೆ ಚಾವಣಿಯಿದ್ದರೆ ಅದರ ಗೆರೆ ಹಿಡಿದು ಹೋಗಬಹುದು. ಬರೀ ಆಕಾಶದಲ್ಲಿ ಅಂಥ ಗೆರೆಯಿಲ್ಲ. ಕಣ್ಣಂಚಿಗೆ ಕಾಣುವ ಲೇನ್ ಹಗ್ಗವೇ ನನಗೆ ಆಧಾರವಾಯಿತು. ಬಿಸಿಲೇರಿದ ಮೇಲೆ ಕಪ್ಪು ಗಾಜಿನ ಗಾಗಲ್ಸ್ ಇಲ್ಲದೆ ಈಜುವುದು ಕಷ್ಟ.

ಗೋಡೆಗೆ ತಲೆ ಬಡಿಯುವ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸ್ಪರ್ಧೆಯ ಕೊಳಗಳಲ್ಲಿ ಗೋಡೆಯಿಂದ 5 ಮೀಟರ್ ದೂರದಲ್ಲಿ, ನೀರಿನಿಂದ 1.8 ಮೀಟರ್ ಎತ್ತರಕ್ಕೆ ಧ್ವಜಗಳ ಸಾಲು ಕಟ್ಟಿರುತ್ತಾರೆ. ನಮ್ಮಲ್ಲಿ ಅದಿರಲಿಲ್ಲ, ಅಷ್ಟೇ ದೂರಕ್ಕೆ ಅಡ್ಡಲಾಗಿ ಹಗ್ಗ ಬಿಗಿದು ಹಳೆಯ ಬಟ್ಟೆಯ ಚೂರುಗಳನ್ನು ಕಟ್ಟಿಕೊಂಡೆವು. ಹಗ್ಗ ಕಣ್ಣ ಮೇಲೆ ಹಾದ ಕ್ಷಣದಿಂದ ಗೋಡೆ ಮುಟ್ಟುವವರೆಗೆ ಎಷ್ಟು ಕೈ ಬೀಳುತ್ತದೆ ಎಂದು ನಿಧಾನ ವೇಗದಲ್ಲಿ ಎಣಿಸಿಟ್ಟುಕೊಳ್ಳಬೇಕು. ವೇಗ ಹೆಚ್ಚಿದಂತೆ ಈ ಲೆಕ್ಕ ಒಂದರಷ್ಟು ಕಡಿಮೆಯಾಗಬಹುದು, ಆದ್ದರಿಂದ ಆಗಾಗ ಮತ್ತೆ ಎಣಿಸಬೇಕು. ಲೆಕ್ಕ ಪಕ್ಕಾ ಆಗುವವರೆಗೆ ಕೊನೆಯ ಕೈಯನ್ನು ತಲೆಯ ಹಿಂದೆಯೇ ಚಾಚಿಟ್ಟು ಬರೀ ಕಿಕ್‌ನಿಂದ ಗೋಡೆ ತಲುಪುವುದು ಕ್ಷೇಮ. ಈಗಲೂ ಹೊಸ ಕೊಳಕ್ಕೆ ಹೋದರೆ ನಾನು ಮೊದಲ ಸುತ್ತುಗಳನ್ನು ಹೀಗೆಯೇ ಮುಗಿಸುತ್ತೇನೆ.