ಹೊಸ ಕೋರ್ಸ್ ಸೇರಿಸದೆ ಎಂಬಿಎ ಸಿಲಬಸ್ ಬದಲಿಸಿದ್ದು: ನನ್ನ ಅನುಭವ

ಎಂಬಿಎ ಸಿಲಬಸ್ ಹೊಸದಾಗಿ ಬರೆಯೋಣ ಅಂತ ಕೂತಾಗ ಬಂದ ಸಲಹೆಗಳೆಲ್ಲ ಸೇರಿಸುವ ಸಲಹೆಗಳೇ. ಡೇಟಾ ಅನಲಿಟಿಕ್ಸ್ ಸೇರಿಸಿ, ಸಸ್ಟೈನಬಿಲಿಟಿ ಸೇರಿಸಿ, ಜಾಗತಿಕ ವ್ಯಾಪಾರಕ್ಕೊಂದು ಎಲೆಕ್ಟಿವ್ (ಬೇಕಾದವರು ಆರಿಸಿಕೊಳ್ಳುವ ವಿಷಯ) ಇಡಿ. ಒಂದೊಂದೂ ಬೇಕಾದದ್ದೇ. ಆದರೆ ಹೀಗೆ ಸೇರಿಸುತ್ತಾ ಹೋದರೆ ಹೊರೆ ಜಾಸ್ತಿಯಾಗುತ್ತದೆ. ಒಂದು ವಿಷಯಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆ ನಂಟನ್ನೇ ಕಲಿಸಬೇಕು ಅಂತ ನಾನು ಹಟ ಹಿಡಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಸ್ಕೂಲ್ 2006ರಲ್ಲೇ ಇಂಥದ್ದನ್ನು ಮಾಡಿತ್ತು. ಮಾರ್ಕೆಟಿಂಗ್, ಫೈನಾನ್ಸ್ ಅನ್ನುವ ವಿಭಾಗಗಳ ಬದಲು ಗ್ರಾಹಕ, ಹೂಡಿಕೆದಾರ, ಉದ್ಯೋಗಿ, ಪ್ರತಿಸ್ಪರ್ಧಿ ಅಂತ ಕೋರ್ಸ್‌ಗಳನ್ನೇ ಹೊಸದಾಗಿ ಕಟ್ಟಿತು. ಅಷ್ಟಕ್ಕೆ ಬೇಕಾದ ಜನ ನಮ್ಮಲ್ಲಿರಲಿಲ್ಲ. ಹೆಸರುಗಳನ್ನು ಹಾಗೇ ಬಿಟ್ಟು ಒಳಗೆ ಕೈ ಹಾಕಿದೆವು.

ಎಲ್ಲ ಕೋರ್ಸ್‌ಗಳ ವಾರವಾರದ ಪಾಠಪಟ್ಟಿಯನ್ನು ಒಂದೇ ಗೋಡೆ ಮೇಲೆ ಅಂಟಿಸಿದೆವು. ಎನ್‌ಪಿವಿ ಲೆಕ್ಕ (ಮುಂದೆ ಬರುವ ಹಣದ ಇವತ್ತಿನ ಬೆಲೆಯಲ್ಲಿ ಹೂಡಿಕೆ ಕಳೆದು ನೋಡುವುದು) ಫೈನಾನ್ಸ್‌ನಲ್ಲೂ ಇತ್ತು, ಅಕೌಂಟಿಂಗ್‌ನಲ್ಲೂ ಇತ್ತು. ಒಂದು ಉದ್ಯಮದಲ್ಲಿ ಪೈಪೋಟಿ ಎಷ್ಟಿದೆ ಅಂತ ಅಳೆಯುವ ಪೋರ್ಟರ್‌ನ ಐದು ಶಕ್ತಿಗಳು ಸ್ಟ್ರಾಟಜಿಯಲ್ಲಿ ಒಮ್ಮೆ, ಮಾರ್ಕೆಟಿಂಗ್‌ನಲ್ಲಿ ಮತ್ತೊಮ್ಮೆ. ಪಕ್ಕದ ಕ್ಲಾಸಿನಲ್ಲಿ ಏನು ನಡೀತಿದೆ ಅಂತ ನಮಗೇ ಗೊತ್ತಿರಲಿಲ್ಲ. ಹೇಳಿದ್ದನ್ನೇ ಹೇಳುವುದು ನಿಂತ ಮೇಲೆ ಬೇಕಾದಷ್ಟು ತರಗತಿ ಸಿಕ್ಕವು. ಒಂದು ಕ್ರೆಡಿಟ್ ಕೂಡ ಹೆಚ್ಚಿಸಲಿಲ್ಲ.

ಆ ತರಗತಿಗಳಲ್ಲಿ, ಸೆಮಿಸ್ಟರ್ ಪೂರ್ತಿ, ಎಲ್ಲ ಕೋರ್ಸ್‌ಗೂ ಒಂದೇ ಕೇಸ್, ಅಂದರೆ ವ್ಯಾಪಾರ ಜಗತ್ತಿನಲ್ಲಿ ನಿಜವಾಗಿ ನಡೆದ ಒಂದು ಪ್ರಸಂಗ. ಮೊದಲು ಆರಿಸಿದ್ದು ಕಾರು ಕಂಪನಿಗಳ ಚಿಪ್ ಕೊರತೆ. 2020ರಲ್ಲಿ ಕೋವಿಡ್ ಬಂದು ಮಾರಾಟ ಬಿದ್ದಾಗ ಹಲವು ಕಂಪನಿಗಳು ಚಿಪ್ ಆರ್ಡರ್ ಕಡಿತ ಮಾಡಿದವು. ಅದೇ ಹೊತ್ತಿಗೆ ಜನ ಮನೆಯಿಂದ ಕೆಲಸ ಶುರು ಮಾಡಿ ಲ್ಯಾಪ್‌ಟಾಪ್‌ಗೆ ಬೇಡಿಕೆ ಏರಿತು. ಚಿಪ್ ಕಾರ್ಖಾನೆಗಳು ಆ ಕಡೆ ತಿರುಗಿದವು. ಕಾರು ಕೊಳ್ಳುವವರು ವಾಪಸ್ ಬಂದಾಗ ಚಿಪ್ ಇಲ್ಲ. 2021ರಲ್ಲಿ ಅಸೆಂಬ್ಲಿ ಲೈನ್‌ಗಳೇ ನಿಂತವು. ಬೇಕಾದಾಗಷ್ಟೇ ಬಿಡಿಭಾಗ ತರಿಸಿಕೊಳ್ಳುವ ಜಸ್ಟ್ ಇನ್ ಟೈಮ್ ಪದ್ಧತಿಗೆ ಹೆಸರಾದ ಟೊಯೋಟಾ ಮೊದಮೊದಲು ತಡೆದುಕೊಂಡಿತು. ಯಾಕೆಂದರೆ ಜಪಾನಿನ 2011ರ ಭೂಕಂಪ, ಸುನಾಮಿಯ ನಂತರ ಪೂರೈಕೆದಾರರ ಹತ್ತಿರ ಕೆಲವು ತಿಂಗಳ ಚಿಪ್ ದಾಸ್ತಾನು ಇರುವಂತೆ ನೋಡಿಕೊಂಡಿತ್ತು.

ಫೈನಾನ್ಸ್ ಪಾಠದಲ್ಲಿ ದಾಸ್ತಾನು ಅಂದರೆ ಸುಮ್ನೆ ಕೂತ ದುಡ್ಡು. ತಯಾರಿಕೆ, ಪೂರೈಕೆ ಕಲಿಸುವ ಆಪರೇಷನ್ಸ್‌ನಲ್ಲಿ ಅದೇ ಕಷ್ಟಕಾಲದ ಆಸರೆ. ಇಬ್ಬರು ಮೇಷ್ಟ್ರನ್ನೂ ಒಂದೇ ತರಗತಿಯಲ್ಲಿ ನಿಲ್ಲಿಸಿದೆವು. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಆ ದಾಸ್ತಾನಿನ ಬಡ್ಡಿ ಯಾರ ತಲೆ ಮೇಲೆ? ಸಪ್ಲೈಯರ್ ಅದನ್ನ ಬೆಲೆಗೆ ಸೇರಿಸ್ತಾನೆ ಅಲ್ವಾ?" ಅವತ್ತಿನ ಪಾಠ ಅಲ್ಲೇ ಪಕ್ಕಕ್ಕೆ ಹೋಯಿತು. ಬೋರ್ಡಿನ ಎಡಕ್ಕೆ ಲೈನ್ ಒಂದು ದಿನ ನಿಂತರೆ ಆಗುವ ನಷ್ಟ, ಬಲಕ್ಕೆ ಚಿಪ್ ಕಾಪಿಡುವ ಖರ್ಚು. ಹಿಂದಿನ ಬೆಂಚಿನಿಂದ ಯಾರೋ, ಲೈನ್ ನಿಂತ ದಿನಗಳ ಸಂಬಳ ಯಾವ ಕಡೆ ಬರೆಯೋದು ಅಂದರು. ಎಚ್‌ಆರ್ ಹೀಗೆ ತಾನಾಗೇ ಒಳಗೆ ಬಂತು. ಇಂಥ ಒಂದು ತರಗತಿ ಹೊಸ ಎಲೆಕ್ಟಿವ್‌ಗಿಂತ ಎಷ್ಟೋ ಮೇಲು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪಾಠಕ್ಕಿಂತ ಪರೀಕ್ಷೆ ಬದಲಿಸುವುದೇ ಕಷ್ಟವಾಯಿತು. ಪ್ರಶ್ನೆಪತ್ರಿಕೆ ಹಳೆಯದೇ ಇದ್ದರೆ ವಿದ್ಯಾರ್ಥಿಗಳು ಹಳೆಯದನ್ನೇ ಓದುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಹಾಗಾಗಿ ಒಂದು ದೊಡ್ಡ ಉತ್ತರವನ್ನು ಇಬ್ಬರು ಬೇರೆ ಬೇರೆ ವಿಭಾಗದವರು ನೋಡುವ ಏರ್ಪಾಟು ಮಾಡಿದೆವು. ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣ) ಲೆಕ್ಕ ಸರಿಯಾಗಿದ್ದ ಒಂದು ಉತ್ತರಕ್ಕೆ ಫೈನಾನ್ಸ್‌ನವರು ಹೆಚ್ಚುಕಡಿಮೆ ಪೂರ್ತಿ ಅಂಕ ಕೊಟ್ಟರು, ಆಪರೇಷನ್ಸ್‌ನವರು ಅರ್ಧಕ್ಕೆ ನಿಲ್ಲಿಸಿದರು. ಮಾತು ಬೆಳೆಯಿತು, ಬೆಳೆಯಲೇಬೇಕಿತ್ತು. ಕೊನೆಗೆ ಮೌಲ್ಯಮಾಪನಕ್ಕೆ ಒಂದು ಸಾಲು ಸೇರಿತು: ಈ ನಿರ್ಧಾರದ ಖರ್ಚು ಅಥವಾ ಅಪಾಯ ಇನ್ಯಾರ ಮೇಲೆ ಬೀಳುತ್ತದೆ ಅಂತ ಉತ್ತರದಲ್ಲಿ ಇರಬೇಕು. ಅದಕ್ಕೆ ಪ್ರತ್ಯೇಕ ಅಂಕ.

ಪ್ರತಿ ವರ್ಷ ಒಂದೇ ಕೇಸ್ ಹಿಡಿದು ಕೂತರೆ ಸೀನಿಯರ್‌ಗಳ ನೋಟ್ಸ್ ಕೈ ಬದಲಾಗುತ್ತದೆ. ಅದಕ್ಕೇ ಈಗ ಕೆಂಪು ಸಮುದ್ರದ ಕೇಸ್ ಸಿದ್ಧಪಡಿಸುತ್ತಿದ್ದೇವೆ. 2023ರ ಕೊನೆಯಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ದೊಡ್ಡ ಹಡಗು ಕಂಪನಿಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದವು. ಇಂಧನ, ವಿಮೆ, ತಡವಾಗಿ ಬರುವ ಸರಕು, ಹೆಚ್ಚುವ ಹೊಗೆ ಎಲ್ಲವೂ ಅದರಲ್ಲಿದೆ. ಮೊದಲ ತರಗತಿಯನ್ನು ಈ ಸಲ ಅಕೌಂಟಿಂಗ್‌ನವರೇ ಕೇಳಿ ತೆಗೆದುಕೊಂಡಿದ್ದಾರೆ.