ಚಿಕೋರಿ ಇಲ್ಲದ ರೋಬಸ್ಟಾ ಮತ್ತು ನನ್ನ ಸ್ಕ್ವಾಟ್

ನಮ್ಮ ಜಿಮ್‌ನಲ್ಲಿ ಪ್ರೀ-ವರ್ಕೌಟ್ (ವ್ಯಾಯಾಮಕ್ಕೆ ಮುಂಚೆ ನೀರಿಗೆ ಬೆರೆಸಿ ಕುಡಿಯುವ ಡಬ್ಬದ ಪುಡಿ) ಕುಡಿಯದೆ ರಾಡ್ ಮುಟ್ಟದ ಹುಡುಗರೇ ಜಾಸ್ತಿ. ನಾನು ಡಬ್ಬ ಬಿಟ್ಟು ಫಿಲ್ಟರ್ ಡಿಕಾಕ್ಷನ್ ಹಿಡಿದಾಗ ಟ್ರೈನರೂ ಸೇರಿ ಒಬ್ಬರೂ ನಂಬಲಿಲ್ಲ. "ಅಣ್ಣಾ, ಕಾಫಿ ನಮ್ಮಜ್ಜಿನೂ ಕುಡೀತಾರೆ, ಅವರೇನು ಡೆಡ್‌ಲಿಫ್ಟ್ ಹೊಡೀತಾರಾ?" ಅಂದರು. (ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್, ರಾಡ್ ಹೆಗಲ ಮೇಲಿಟ್ಟು ಕೂತು ಏಳುವುದು ಸ್ಕ್ವಾಟ್.) ಈಗ ಅದೇ ಹುಡುಗರಲ್ಲಿ ನಾಲ್ಕೈದು ಜನ ಪುಡಿ ಎಲ್ಲಿ ತಗೋತೀರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು.

ನನ್ನ ತೂಕ 80 ಕೆಜಿ ಆಸುಪಾಸು, ವಯಸ್ಸು ನಲವತ್ತು ದಾಟಿದೆ. ಹಾಸನದಲ್ಲಿ ಬೆಳಗ್ಗೆ ಐದೂವರೆಗೆ ಜಿಮ್. ರೆಪ್ಪು (ಒಂದು ಸಲ ಎತ್ತಿ ಇಳಿಸುವುದು), ಸೆಟ್ಟು (ಬಿಡದೆ ಮಾಡುವ ರೆಪ್ಪುಗಳ ಒಂದು ಸುತ್ತು), ಫಾರ್ಮ್ ಎಲ್ಲ ಹೇಗೆ ಅನ್ನೋದು ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ವಿಷಯ. ಒಳ್ಳೆಯ ಡಬ್ಬ ಅಂದರೆ ಎರಡೂವರೆ ಸಾವಿರ. 30 ಸ್ಕೂಪ್ ಅಂತ ಬರೆದಿರುತ್ತೆ, ಆದರೆ ಎರಡನೇ ವಾರಕ್ಕೇ ಒಂದು ಸ್ಕೂಪ್ ಸಾಲದೆ ಒಂದೂವರೆಗೆ ಹೋಗುತ್ತೀವಿ, ತಿಂಗಳು ತುಂಬುವ ಮುಂಚೆ ಡಬ್ಬ ಖಾಲಿ. ವರ್ಷಕ್ಕೆ 25-30 ಸಾವಿರ ಸುಮ್ನೆ ಹೋಗುತ್ತಿತ್ತು. ಲೇಬಲ್ ಓದಿದರೆ, ಕುಡಿದ ದಿನವೇ ಕೆಲಸ ತೋರಿಸುವ ಮುಖ್ಯ ಮಾಲು ಅದರಲ್ಲಿ ಒಂದೇ, ಕೆಫೀನ್. ಮುಖ, ಕಿವಿ ಜುಮುಜುಮು ಅನ್ನುತ್ತಲ್ಲ, ಅದು ಅದೇ ಪುಡಿಯಲ್ಲಿರುವ ಬೀಟಾ-ಅಲನೈನ್ ಅನ್ನೋ ಅಮೈನೋ ಆಮ್ಲದ್ದು. ಅದಕ್ಕೂ ಅವತ್ತಿನ ಶಕ್ತಿಗೂ ಸಂಬಂಧ ಇಲ್ಲ. ವಾರಗಟ್ಟಲೆ ದಿನಾ ತಗೊಂಡರೆ ಮಾತ್ರ ಬೀಟಾ-ಅಲನೈನ್ ಕೆಲಸ ಮಾಡುವುದು. ಹುಡುಗರು ಮಾತ್ರ ಜುಮುಜುಮು ಬಂದರೆ "ಕಿಕ್ ಹೊಡೀತು" ಅಂದುಕೊಳ್ಳುತ್ತಾರೆ.

ಇನ್ನೊಂದು ಭಯ ಡೋಪಿಂಗ್‌ದು. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ಗೆ ಮುಂಚೆ ನಮ್ಮ ದೇಶದ ಹಲವು ಕ್ರೀಡಾಪಟುಗಳು ಮಿಥೈಲ್‌ಹೆಕ್ಸೇನಮೈನ್ ಅನ್ನೋ ನಿಷೇಧಿತ ಉತ್ತೇಜಕದಲ್ಲಿ ಸಿಕ್ಕಿಬಿದ್ದಿದ್ದು ನೆನಪಿರಬೇಕು. ಇದೇ ತರದ ಡಬ್ಬಗಳಲ್ಲಿ ಸಿಗುತ್ತಿದ್ದ ವಸ್ತು ಅದು. ಮೀಟ್‌ಗೆ, ಅಂದರೆ ತೂಕ ಎತ್ತುವ ಸ್ಪರ್ಧೆಗೆ, ಹೋಗುವವನಿಗೆ ಒಳಗೇನಿದೆ ಅಂತ ಗೊತ್ತಿಲ್ಲದ ಪುಡಿ ಯಾಕೆ ಬೇಕು? ಕೆಫೀನ್ ಬಗ್ಗೆ ಆ ಚಿಂತೆ ಇಲ್ಲ. ಮುಂಚೆ ಮೂತ್ರದಲ್ಲಿ ಇಷ್ಟೇ ಇರಬೇಕು ಅಂತ ಮಿತಿ ಇತ್ತು, 2004ರಿಂದ ಅದನ್ನು ನಿಷೇಧದ ಪಟ್ಟಿಯಿಂದ ತೆಗೆದಿದ್ದಾರೆ. ಈಗ ಸುಮ್ಮನೆ ಗಮನಿಸುತ್ತಾರೆ ಅಷ್ಟೇ.

ಶುರುವಿನಲ್ಲಿ ಮನೆ ಕಾಫಿಯನ್ನೇ ಎರಡು ಲೋಟ ಕುಡಿದು ಹೋದೆ. ಏನೂ ಆಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮನೆಯ ಪುಡಿಯಲ್ಲಿ ನೂರಕ್ಕೆ ನಲವತ್ತು ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಸೊನ್ನೆ. ಉಳಿದ ಅರವತ್ತು ಅರೇಬಿಕಾ, ಅದರಲ್ಲಿ ಕೆಫೀನ್ ಶೇ 1.2 ಹತ್ತಿರ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೂ 70 ಮಿಲಿಗ್ರಾಂ ದಾಟಲ್ಲ. ತೂಕ ಎತ್ತುವುದಕ್ಕೆ ಬೇಕಾಗುವುದು ದೇಹದ ತೂಕದ ಕೆಜಿಗೆ 3ರಿಂದ 6 ಮಿಲಿಗ್ರಾಂ. ನನ್ನ ತೂಕಕ್ಕೆ ಕಮ್ಮಿ ಅಂದರೂ 240.

ಅಲ್ಲಿಂದ ಕಾಫಿಯ ಇನ್ನೊಂದು ಜಾತಿ ರೋಬಸ್ಟಾಕ್ಕೆ ಬಂದೆ. ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ರೋಬಸ್ಟಾ ಅಂದರೆ ಸ್ವಲ್ಪ ತಾತ್ಸಾರ, "ಕಹಿ, ಒರಟು" ಅಂತ. ಆದರೆ ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ಪುಡಿ ಅಂಗಡಿಯಲ್ಲಿ ನಿಂತು "ಬರೀ ರೋಬಸ್ಟಾ, ಚಿಕೋರಿ ಒಂದು ಚಿಟಿಕೆನೂ ಬೇಡ" ಅಂದರೆ ಎರಡು ಸಲ ಕೇಳುತ್ತಾರೆ. ಕಣ್ಣೆದುರೇ ಪುಡಿ ಮಾಡಿಸಿಕೊಳ್ಳಿ.

ರಾತ್ರಿ 16 ಗ್ರಾಂ ಪುಡಿ ತೂಕ ಮಾಡಿ ಸ್ಟೀಲ್ ಫಿಲ್ಟರ್‌ಗೆ ಹಾಕುತ್ತೇನೆ. ಚಮಚದ ಅಳತೆ ಬೇಡ. ನುಣ್ಣಗಿನ ಪುಡಿಗೂ ತರಿಗೂ ಒಂದೇ ಚಮಚದಲ್ಲಿ ತೂಕದ ವ್ಯತ್ಯಾಸ ಬರುತ್ತೆ. ಚಿನ್ನದಂಗಡಿಯವರು ಇಡುವಂಥ ಪುಟ್ಟ ತಕ್ಕಡಿ ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಒಳಗೆ ಸಿಗುತ್ತೆ. ತಟ್ಟೆಯಿಂದ ಮೆತ್ತಗೆ ಒತ್ತಿ, ಕುದಿಯುವ ನೀರನ್ನು ಎರಡು ಕಂತಿನಲ್ಲಿ ಹಾಕಿದರೆ ಬೆಳಗ್ಗೆಗೆ ನೂರು ಎಂಎಲ್‌ನಷ್ಟು ಗಟ್ಟಿ ಡಿಕಾಕ್ಷನ್ ಇಳಿದಿರುತ್ತೆ. ಇದರಲ್ಲಿ 240 ಮಿಲಿಗ್ರಾಂ ಆಸುಪಾಸು ಕೆಫೀನ್ ಬರುತ್ತೆ ಅಂತ ನನ್ನ ಲೆಕ್ಕ. ಬಿಸಿನೀರು ಬೆರೆಸಿ ನಾಲ್ಕೂಮುಕ್ಕಾಲಿಗೆ ಕುಡಿಯುತ್ತೇನೆ. ಕಹಿ ಕಮ್ಮಿ ಮಾಡುವುದಕ್ಕೆ ಇನ್ನೊಂದು ಪದಾರ್ಥ ಹಾಕುತ್ತೇನೆ, ಅದನ್ನು ಇಲ್ಲಿ ಹೇಳಲ್ಲ.

ಖಾಲಿ ಹೊಟ್ಟೆಯಲ್ಲಿ ಇದು ನಡೆಯಲಿಲ್ಲ. ಎದೆ ಉರಿ, ಹುಳಿತೇಗು, ವಾರ್ಮ್‌ಅಪ್ ಮುಗಿಯೋದರೊಳಗೆ ಟಾಯ್ಲೆಟ್. ಒಂದು ಏಲಕ್ಕಿ ಬಾಳೆಹಣ್ಣು ತಿಂದು ಕುಡಿಯೋದಕ್ಕೆ ಶುರು ಮಾಡಿದ ಮೇಲೆ ಸರಿಹೋಯಿತು. ಜಾಸ್ತಿ ಡೋಸ್ ಕೂಡ ನೋಡಿದೆ. 30 ಗ್ರಾಂ ಪುಡಿ ಹಾಕಿದ ದಿನ ಎದೆ ಡವಡವ, ಕೈ ನಡುಕ, ಬೆಂಚ್ ಮೇಲೆ ಮಲಗಿ ಎತ್ತುವಾಗ ರಾಡ್ ನೇರ ಹೋಗಲಿಲ್ಲ. ಒಂದೇ ಒಂದು ರೆಪ್ ಜಾಸ್ತಿ ಬರಲಿಲ್ಲ.

ಸಂಜೆ ಹೊತ್ತು ಕುಡಿದು ನೋಡಿದ್ದಂತೂ ಪೂರ್ತಿ ನಷ್ಟ. ಕುಡಿದ ಕೆಫೀನ್ ಅರ್ಧ ಇಳಿಯುವುದಕ್ಕೇ ಐದು ಗಂಟೆ ಹತ್ತಿರ ಬೇಕು. ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಒಳ್ಳೆಯ ಒಂದು ಲೋಟ ಕಾಫಿಯಷ್ಟು ಮೈಯಲ್ಲಿ ಇರುತ್ತೆ. ನಿದ್ದೆ ಕೆಟ್ಟರೆ ಮಾರನೇ ದಿನದ ವರ್ಕೌಟೂ ಹೋಯಿತು, ಅದರ ಮರುದಿನದ್ದೂ ಹೋಯಿತು. ಒಬ್ಬೊಬ್ಬರ ಮೈ ಒಂದೊಂದು ತರ ಅನ್ನೋದು ನಿಜ. ನನ್ನ ಹೆಂಡತಿ ರಾತ್ರಿ ಊಟ ಆದ ಮೇಲೆ ಕಾಫಿ ಕುಡಿದು ಆರಾಮಾಗಿ ಮಲಗುತ್ತಾಳೆ.

ಇನ್ನು ಫಲ. ಬೆಳಗ್ಗೆ ಐದೂವರೆಗೆ ಮೈ ಮರಗಟ್ಟಿರುತ್ತೆ, ರಾಡ್ ಭಾರ ಅನ್ನಿಸುತ್ತೆ ಅಲ್ವಾ, ಅದು ಹೋಯಿತು. 140 ಕೆಜಿ ಸ್ಕ್ವಾಟ್ ಐದು ರೆಪ್‌ಗೆ ನಿಲ್ಲುತ್ತಿದ್ದದ್ದು ಆರು, ಒಳ್ಳೆಯ ದಿನ ಏಳು. ಮೇಲೇಳುವಾಗ ರಾಡ್ ಬೇಗ ಬರುತ್ತೆ, ವಿಡಿಯೋದಲ್ಲೇ ಕಾಣುತ್ತೆ. ಒಂದೇ ರೆಪ್‌ನ ಮ್ಯಾಕ್ಸ್‌ನಲ್ಲಿ ಅಷ್ಟು ದೊಡ್ಡ ಜಿಗಿತ ಇಲ್ಲ, ಎರಡೂವರೆ ಕೆಜಿ, ಅಬ್ಬಬ್ಬಾ ಅಂದರೆ ಐದು. ಅಸಲಿ ಲಾಭ ಕೊನೆಯ ಸೆಟ್‌ಗಳಲ್ಲಿ. ಸುಸ್ತಿನ ಸಂದೇಶ ತರುವ ಅಡೆನೊಸಿನ್‌ನ ಜಾಗವನ್ನು ಕೆಫೀನ್ ಹಿಡಿದು ಕೂರುತ್ತೆ, ತೊಡೆ ಉರಿ ಅಷ್ಟಾಗಿ ಕಾಡಲ್ಲ. ಹೀಗೆ ಸೇರಿದ ಒಂದೊಂದು ರೆಪ್ಪೇ ಆರೇಳು ತಿಂಗಳಲ್ಲಿ 140ನ್ನು 155 ಮಾಡಿತು. ನಲವತ್ತು ದಾಟಿದ ಮೇಲೆ ನಮ್ಮ ಜಿಮ್‌ನಲ್ಲಿ ಬೇರೆ ಯಾರೂ ಅಷ್ಟು ಏರಿಸಿಲ್ಲ.

ಕೊಬ್ಬು ಕರಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಟೇಪ್ ಹಿಡಿದು ಸೊಂಟ ಅಳೆಯುತ್ತಲೇ ಇದ್ದೆ, ಊಟ ಕಮ್ಮಿ ಮಾಡುವವರೆಗೂ ಒಂದಿಂಚೂ ಕದಲಲಿಲ್ಲ. 100 ಮಿಲಿಗ್ರಾಂ ಕೆಫೀನ್ ಮೈ ಕ್ಯಾಲೊರಿ ಸುಡುವ ವೇಗವನ್ನು ಶೇ 3-4ರಷ್ಟು ಏರಿಸುತ್ತೆ, ಅದೂ ಎರಡು ಮೂರು ಗಂಟೆ ಮಾತ್ರ. ಇಡೀ ದಿನ ಏರಿದೆ ಅಂತಲೇ ಇಟ್ಟುಕೊಂಡರೂ ನನ್ನಂಥವನಿಗೆ 60-70 ಕ್ಯಾಲೊರಿ. ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಹಾಲು ಕಾಫಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ. "ಫ್ಯಾಟ್ ಬರ್ನರ್" ಅಂತ ಮಾರುವ ಮಾತ್ರೆಗೆ ದುಡ್ಡು ಸುರಿಯಬೇಡಿ.

ಮೀಟ್‌ಗೆ ಹತ್ತು ದಿನ ಮುಂಚೆ ಕಾಫಿ ಪೂರ್ತಿ ಬಿಟ್ಟರೆ ಅವತ್ತು ಜೋರಾಗಿ ಹೊಡೆಯುತ್ತೆ ಅಂತ ಒಂದು ಮಾತಿದೆ. ಅದನ್ನೂ ಮಾಡಿದೆ. ಮೊದಲ ಮೂರು ದಿನ ತಲೆ ಸಿಡಿಯುವ ನೋವು, ಮುಖ್ಯವಾದ ಎರಡು ಸೆಷನ್ ಹಾಳು, ಮೀಟ್ ದಿನ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ. ಈಗ ಸ್ಕ್ವಾಟ್ ದಿನ, ಡೆಡ್‌ಲಿಫ್ಟ್ ದಿನ ಮಾತ್ರ ಡಿಕಾಕ್ಷನ್. ಉಳಿದ ದಿನ ಮನೆಯಲ್ಲಿ ಒಂದು ಲೋಟ ಮಾಮೂಲಿ ಕಾಫಿ. ಮೀಟ್‌ನಲ್ಲಿ ಡೆಡ್‌ಲಿಫ್ಟ್ ಬರುವಷ್ಟರಲ್ಲಿ ಸ್ಕ್ವಾಟ್ ಮುಗಿದು ನಾಲ್ಕೈದು ಗಂಟೆ ಆಗಿರುತ್ತೆ, ಹಾಗಾಗಿ ಡೋಸ್ ಒಡೆದು ತಗೋಬೇಕು. ಯಾವಾಗ, ಎಷ್ಟು ಅನ್ನೋದನ್ನು ನಮ್ಮ ಹುಡುಗರಿಗಷ್ಟೇ ಹೇಳಿದ್ದೇನೆ.

ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ 140 ಗ್ರಾಂ ಪುಡಿ. ಕೆಜಿಗೆ ಏಳು ನೂರು ಅಂದುಕೊಂಡರೂ ನೂರು ರೂಪಾಯಿ ಒಳಗೆ ಮುಗಿಯುತ್ತೆ. ಬಿಪಿ ಇರುವವರು, ಎದೆಬಡಿತ ಏರುಪೇರಾಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಉಳಿದವರು ನನ್ನ 16 ಗ್ರಾಂ ಅನ್ನೇ ನಕಲು ಮಾಡಬೇಡಿ, ನಿಮ್ಮ ತೂಕಕ್ಕೆ ಲೆಕ್ಕ ಹಾಕಿ. 55 ಕೆಜಿ ಇರುವ ಹುಡುಗಿಗೆ 11 ಗ್ರಾಂ ಧಾರಾಳ.